ಬಾಸ್ 9 ಪರ್ಸೆಂಟಿನಲ್ಲೇ ಉಳಿಯುವುದೇಕೆ? ಗುಂಪಿನಾಟದ ಕಷ್ಟ, ಲೂಟ್ ಮತ್ತು ಕೊಡಗಿನ ಕರೆಂಟು

ಆನ್‌ಲೈನ್ ರೋಲ್-ಪ್ಲೇಯಿಂಗ್ ಆಟಗಳಲ್ಲಿ ಕಥೆ ಮುಗಿಸುವುದು, ಲೆವೆಲ್ ಏರಿಸುವುದು ಒಬ್ಬರೇ ಕೂತು ಮಾಡುವ ಕೆಲಸ. ಗೋಣಿಕೊಪ್ಪದಲ್ಲಿ ಆಡಿದರೂ ಅಷ್ಟೇ, ಬೆಂಗಳೂರಿನಲ್ಲಿ ಆಡಿದರೂ ಅಷ್ಟೇ. ನೆಟ್ ಹೋದರೆ ಹೋಯಿತು, ಬಂದ ಮೇಲೆ ಬಿಟ್ಟಲ್ಲಿಂದ ಹಿಡಿದರಾಯಿತು. ಕೊನೆಯ ಲೆವೆಲ್ ಮುಟ್ಟಿದ ಮೇಲೆ ಆಟದ ಸ್ವರೂಪವೇ ಬದಲಾಗುತ್ತದೆ. ಒಳ್ಳೆಯ ಆಯುಧ, ಕವಚ, ಅಂದರೆ ಗೇರ್ ಬೇಕೆಂದರೆ ಡಂಜನ್ ಎಂಬ ಸಣ್ಣ ಸಾಹಸಕ್ಕೆ ನಾಲ್ಕೈದು ಜನ ಬೇಕು, ರೈಡ್ ಎಂಬ ದೊಡ್ಡದಕ್ಕೆ ಎಂಟೋ ಹತ್ತೋ ಇಪ್ಪತ್ತೋ ಜನ ಬೇಕು. ಅಲ್ಲಿಂದ ಮುಂದೆ ನಿಮ್ಮ ಕೈಚಳಕ ಎಷ್ಟು ಮುಖ್ಯವೋ, ಜೊತೆಗಿರುವವರ ಕೈಚಳಕವೂ ಅಷ್ಟೇ ಮುಖ್ಯ. ಅವರ ಮನೆಯ ಕರೆಂಟೂ ಲೆಕ್ಕಕ್ಕೆ ಬರುತ್ತದೆ.

ಹೊಸಬರು ಸಾಮಾನ್ಯವಾಗಿ ಕೇಳುವ ಪ್ರಶ್ನೆ: ಐದು ಜನರ ಡಂಜನ್‌ನಲ್ಲಿ ಅರ್ಧ ಗಂಟೆಗೆ ಗೇರ್ ಸಿಗುತ್ತದೆ, ಹಾಗಿದ್ದರೆ ಇಪ್ಪತ್ತು ಜನ ಸೇರಿ ಮೂರು ಗಂಟೆ ಒದ್ದಾಡುವುದೇಕೆ? ಉತ್ತರ ಸಿಗಬೇಕಾದರೆ ಮೊದಲು ತಲೆಯೆಣಿಕೆಯಿಂದ ಶುರು ಮಾಡಬೇಕು.

ಕೆಲಸ ಹಂಚಿಕೆ ಇಂಥ ಹೆಚ್ಚಿನ ಆಟಗಳಲ್ಲಿ ಹೆಚ್ಚುಕಡಿಮೆ ಒಂದೇ. ಟ್ಯಾಂಕ್ ಎಂದರೆ ಬಾಸಿನ, ಅಂದರೆ ಎದುರಿರುವ ದೊಡ್ಡ ಶತ್ರುವಿನ ಏಟನ್ನು ತನ್ನ ಮೇಲೆ ಎಳೆದುಕೊಂಡು ನಿಲ್ಲುವವರು. ಹೀಲರ್ ಎಲ್ಲರ ಜೀವ ತುಂಬುವವರು. ಉಳಿದವರು ಡಿಪಿಎಸ್, ಬಾಸಿನ ಜೀವ ಇಳಿಸುವುದೇ ಅವರ ಕೆಲಸ. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಡಂಜನ್‌ನಲ್ಲಿ 1 ಟ್ಯಾಂಕ್, 1 ಹೀಲರ್, 3 ಡಿಪಿಎಸ್. ಫೈನಲ್ ಫ್ಯಾಂಟಸಿ 14ರ ಡಂಜನ್‌ನಲ್ಲಿ 1, 1, 2. ರೈಡ್‌ನಲ್ಲಿ 2, 2, 4. ದೊಡ್ಡ ಅಲಯನ್ಸ್ ರೈಡ್‌ನಲ್ಲಿ ಎಂಟೆಂಟು ಜನರ ಮೂರು ತಂಡ, ಒಟ್ಟು 24. ಗಿಲ್ಡ್ ವಾರ್ಸ್ 2ರ ರೈಡ್‌ಗೆ 10 ಜನ. ಸಾಮಾನ್ಯವಾಗಿ ಟ್ಯಾಂಕ್, ಹೀಲರ್‌ಗಳಿಗೇ ಬರ, ಡಿಪಿಎಸ್‌ಗಳಿಗೆ ಕ್ಯೂ. ಗುಂಪು ಬೇಗ ಸಿಗಬೇಕು ಅನ್ನುವವರು ಹೀಲಿಂಗ್ ಕಲಿಯುವುದು ಒಳ್ಳೆಯದು. ಬೈಗುಳ ತಿನ್ನುವ ತಾಳ್ಮೆಯೂ ಜೊತೆಗಿರಲಿ.

ಈಗ ಲೆಕ್ಕ. ಒಂದು ಬಾಸ್ ಇದೆ ಎಂದುಕೊಳ್ಳಿ. ಪ್ರತಿಯೊಬ್ಬ ಆಟಗಾರನೂ 100ಕ್ಕೆ 95 ಸಲ ತನ್ನ ಪಾಲಿನ ಕೆಲಸವನ್ನು ತಪ್ಪಿಲ್ಲದೆ ಮಾಡುತ್ತಾನೆ, ಯಾರೊಬ್ಬ ತಪ್ಪಿದರೂ ಎಲ್ಲರೂ ಸಾಯುತ್ತಾರೆ. ಐದು ಜನರಿದ್ದರೆ ಗೆಲ್ಲುವ ಸಾಧ್ಯತೆ 77 ಪರ್ಸೆಂಟ್. ಎಂಟು ಜನರಿಗೆ 66. ಹತ್ತು ಜನರಿಗೆ 60. ಇಪ್ಪತ್ತು ಜನರಿಗೆ 36. ಆಟಗಾರರು ಅವರೇ, ಕೈಚಳಕ ಅದೇ, ಬಾಸೂ ಅದೇ. ತಲೆ ಹೆಚ್ಚಾದಷ್ಟೂ ಸಾಧ್ಯತೆ ಗುಣಿಸುತ್ತಾ ಇಳಿಯುತ್ತದೆ. ಇದೇ ಇಪ್ಪತ್ತು ಜನ 98 ಪರ್ಸೆಂಟಿಗೆ ಸುಧಾರಿಸಿದರೆ ಗೆಲುವಿನ ಸಾಧ್ಯತೆ 36ರಿಂದ 67ಕ್ಕೆ ಜಿಗಿಯುತ್ತದೆ. ದೊಡ್ಡ ಗುಂಪಿನಲ್ಲಿ ಸಣ್ಣ ಸುಧಾರಣೆಗೆ ಅಷ್ಟು ಬೆಲೆ.

ಇಲ್ಲೊಂದು ತಿದ್ದುಪಡಿ ಬೇಕು. 2004ರಲ್ಲಿ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಬಂದಾಗ ಮೋಲ್ಟನ್ ಕೋರ್ ಎಂಬ ರೈಡ್‌ಗೆ 40 ಜನ ಹೋಗುತ್ತಿದ್ದರು. 95 ಪರ್ಸೆಂಟಿನ ಲೆಕ್ಕದಲ್ಲಿ ಅದು 13ಕ್ಕೆ ಇಳಿಯಬೇಕು. ಆದರೆ ಆ ರೈಡ್ ಇವತ್ತಿನ 20 ಜನರ ರೈಡ್‌ಗಿಂತ ಸುಲಭ. ಯಾಕೆಂದರೆ 40 ಜನರಲ್ಲಿ ನಿಜವಾಗಿ ತಪ್ಪಬಾರದಿದ್ದವರು ಕೆಲವೇ ಮಂದಿ. ಉಳಿದವರಲ್ಲಿ ನಾಲ್ಕಾರು ಜನ ತೂಕಡಿಸಿದರೂ ಬಾಸ್ ಬೀಳುತ್ತಿತ್ತು. ಹಾಗಾಗಿ ನೋಡಬೇಕಾದ್ದು ಒಟ್ಟು ತಲೆಗಳನ್ನಲ್ಲ, ತಪ್ಪಿದರೆ ಇಡೀ ಗುಂಪನ್ನೇ ಕೊಲ್ಲಬಲ್ಲ ತಲೆಗಳನ್ನು. ಇವತ್ತಿನ ಕಷ್ಟದ ರೈಡ್‌ಗಳಲ್ಲಿ ಬಾಸ್ ಯಾರ ಮೇಲೆ ಬೇಕಾದರೂ ಬಾಂಬ್ ಹಾಕುತ್ತದೆ. ಯಾರ ಮೇಲೆ ಬೀಳುತ್ತದೋ ಅವರು ಕೆಲವೇ ಸೆಕೆಂಡಿನಲ್ಲಿ ಗುಂಪಿನಿಂದ ದೂರ ಓಡಬೇಕು. ಅಂದರೆ ತಪ್ಪಬಾರದವರು ಇಪ್ಪತ್ತಕ್ಕೆ ಇಪ್ಪತ್ತೂ ಜನ.

40 ಜನರನ್ನು ಒಂದೇ ಹೊತ್ತಿಗೆ ಕೂಡಿಸುವುದೇ ದೊಡ್ಡ ತಲೆನೋವು ಎಂದು ತಯಾರಕರಿಗೂ ಗೊತ್ತಾಯಿತು. 2007ರ ಬರ್ನಿಂಗ್ ಕ್ರುಸೇಡ್ ಎಂಬ ವಿಸ್ತರಣೆಯಲ್ಲಿ ರೈಡ್‌ಗಳು 25 ಮತ್ತು 10 ಜನರಿಗೆ ಇಳಿದವು. 2014ರ ವಾರ್‌ಲಾರ್ಡ್ಸ್ ಆಫ್ ಡ್ರೇನಾರ್‌ನಿಂದ ನಾರ್ಮಲ್, ಹೀರೋಯಿಕ್ ರೈಡ್‌ಗಳಿಗೆ 10ರಿಂದ 30ರವರೆಗೆ ಎಷ್ಟು ಜನ ಬಂದರೂ ಬಾಸಿನ ಜೀವ ಅದಕ್ಕೆ ತಕ್ಕಂತೆ ಹಿಗ್ಗುತ್ತದೆ, ಕುಗ್ಗುತ್ತದೆ. ಎಲ್ಲಕ್ಕಿಂತ ಕಷ್ಟದ ಮಿಥಿಕ್ ಹಂತವನ್ನು ಮಾತ್ರ ಸರಿಯಾಗಿ 20ಕ್ಕೆ ಕಟ್ಟಿಹಾಕಿದರು. ಹಿಗ್ಗಿ ಕುಗ್ಗುವ ಲೆಕ್ಕದಲ್ಲಿ ಯಾವುದೋ ಒಂದು ಸಂಖ್ಯೆಗೆ ಬಾಸ್ ಸುಲಭವಾಗಿಯೇ ಆಗುತ್ತದೆ, ಎಲ್ಲ ಗಿಲ್ಡ್‌ಗಳೂ (ಆಟಗಾರರ ಸಂಘಗಳೂ) ಆ ಸಂಖ್ಯೆಗೇ ಓಡುತ್ತವೆ. ಕೂದಲೆಳೆಯಷ್ಟು ವ್ಯತ್ಯಾಸದಲ್ಲಿ ಬಾಸ್ ಕೂರಿಸಬೇಕಾದರೆ ತಲೆಯೆಣಿಕೆ ಗಟ್ಟಿಯಾಗಿರಲೇಬೇಕು.

ಗಡಿಯಾರವೂ ಒಬ್ಬ ಬಾಸೇ

ಕಷ್ಟದ ಬಾಸ್‌ಗಳಲ್ಲಿ ಹೆಚ್ಚಿನವಕ್ಕೆ ಎನ್‌ರೇಜ್ ಎಂಬ ಗಡುವು ಇರುತ್ತದೆ. ಇಷ್ಟು ನಿಮಿಷದೊಳಗೆ ಕೊಲ್ಲದಿದ್ದರೆ ಬಾಸ್ ಒಂದೇ ಏಟಿಗೆ ಎಲ್ಲರನ್ನೂ ಮುಗಿಸುತ್ತದೆ. ಇದಿಲ್ಲದಿದ್ದರೆ ಗುಂಪಿಗೆ ಆರು ಹೀಲರ್ ತುಂಬಿಕೊಂಡು ಅರ್ಧ ಗಂಟೆ ಎಳೆದಾಡಿ ಯಾರು ಬೇಕಾದರೂ ಗೆಲ್ಲಬಹುದು.

ಸಂಖ್ಯೆ ಹಾಕಿ ನೋಡಿದರೆ ಅರ್ಥವಾಗುವುದು ಸುಲಭ. ಬಾಸಿನ ಜೀವ 9 ಕೋಟಿ, ಗಡುವು 6 ನಿಮಿಷ, ಅಂದರೆ 360 ಸೆಕೆಂಡ್. ಗುಂಪು ಸೆಕೆಂಡಿಗೆ ಎರಡೂವರೆ ಲಕ್ಷ ಇಳಿಸಬೇಕು. ಹತ್ತು ಜನರಲ್ಲಿ 2 ಟ್ಯಾಂಕ್ ತಲಾ 20 ಸಾವಿರ, 2 ಹೀಲರ್ ತಲಾ 5 ಸಾವಿರ ಹೊಡೆದರೆ 50 ಸಾವಿರ ಆಯಿತು. ಉಳಿದ 2 ಲಕ್ಷ 6 ಡಿಪಿಎಸ್‌ಗಳ ಪಾಲು, ತಲಾ ಸುಮಾರು 33,300. ಆರೂ ಜನ ಸರಿಯಾಗಿ ಅಷ್ಟೇ ಹೊಡೆಯುವವರು ಎಂದಿಟ್ಟುಕೊಳ್ಳಿ.

ಎರಡನೇ ನಿಮಿಷಕ್ಕೆ ಒಬ್ಬ ಡಿಪಿಎಸ್ ಸತ್ತ. ಉಳಿದ 240 ಸೆಕೆಂಡಿನಲ್ಲಿ ಅವನು ಹೊಡೆಯಬೇಕಿದ್ದ 80 ಲಕ್ಷ ಬಾಸಿನ ಮೈಮೇಲೆ ಹಾಗೇ ಉಳಿಯುತ್ತದೆ. 9 ಕೋಟಿಯಲ್ಲಿ 80 ಲಕ್ಷ ಎಂದರೆ ಸುಮಾರು 9 ಪರ್ಸೆಂಟ್. ಗಡುವು ಮುಗಿದಾಗ ಬಾಸ್ 9 ಪರ್ಸೆಂಟಿನಲ್ಲಿ ನಿಂತಿರುತ್ತದೆ, ಎಲ್ಲರೂ ಸತ್ತು ಬಿದ್ದಿರುತ್ತಾರೆ, ಅಂದರೆ ವೈಪ್. ವಾಯ್ಸ್ ಚಾಟ್‌ನಲ್ಲಿ ಆಗ ಕೇಳುವ ಮಾತು: "ಛೇ, ಸ್ವಲ್ಪದರಲ್ಲಿ ಹೋಯ್ತು ಅಣ್ಣಾ, ಇನ್ನೊಂದು ಸಲ ಜೋರಾಗಿ ಹೊಡೆಯೋಣ." ಜೋರಾಗಿ ಹೊಡೆಯುವುದು ಮದ್ದಲ್ಲ. ಜೋರಾಗಿ ಹೊಡೆಯಲು ಹೋಗಿಯೇ ಆತ ನೆಲದ ಮೇಲಿನ ಬೆಂಕಿಯಲ್ಲಿ ಎರಡು ಸೆಕೆಂಡ್ ಹೆಚ್ಚು ನಿಂತಿರುತ್ತಾನೆ. ನಾಲ್ಕು ನಿಮಿಷದ ಹಿಂದಿನ ಆ ಸಾವನ್ನು ಸರಿಪಡಿಸಿದರೆ ಸಾಕು.

ಸಾಯುವವರನ್ನು ಉಳಿಸೋಣ ಎಂದು ಒಬ್ಬ ಡಿಪಿಎಸ್ ತೆಗೆದು ಮೂರನೇ ಹೀಲರ್ ಹಾಕುವುದು ಇನ್ನೊಂದು ಸಾಮಾನ್ಯ ಎಡವಟ್ಟು. ಆ ಬದಲಾವಣೆಯಲ್ಲಿ ಸೆಕೆಂಡಿಗೆ ಸುಮಾರು 28,300 ಕಳೆಯುತ್ತದೆ, ಆರು ನಿಮಿಷಕ್ಕೆ 1 ಕೋಟಿ 2 ಲಕ್ಷ. ಯಾರೂ ಸಾಯದೆ, ಎಲ್ಲರೂ ನೆಟ್ಟಗೆ ನಿಂತೇ, ಬಾಸ್ 11 ಪರ್ಸೆಂಟಿನಲ್ಲಿರುವಾಗ ಗಡುವು ಮುಗಿಯುತ್ತದೆ. ಮೂರನೇ ಹೀಲರ್ ಬಾಸ್ ಕಲಿಯುವ ಮೊದಲ ಸಂಜೆಗೆ ಒಳ್ಳೆಯದು, ಕೊನೆಯ ಹಂತ ನೋಡಲು ಸಿಗುತ್ತದೆ. ಕೊಲ್ಲುವ ದಿನ ಅವರನ್ನು ಬಿಡಬೇಕು.

ವೈಪ್ ಆದಮೇಲೆ ನೋಡಬೇಕಾದ ಕ್ರಮ ಇದು. ಮೊದಲು ಸತ್ತವರು ಯಾರು, ಎಷ್ಟನೇ ಸೆಕೆಂಡಿಗೆ? ಯಾವ ಏಟಿಗೆ ಸತ್ತರು? ಆ ಏಟು ತಪ್ಪಿಸಿಕೊಳ್ಳಬಹುದಾದ್ದೋ, ಎಲ್ಲರಿಗೂ ಬೀಳುವಂಥದ್ದೋ? ತಪ್ಪಿಸಿಕೊಳ್ಳಬಹುದಾದ್ದಾದರೆ ಆಟಗಾರನ ಕಾಲಿನ ತಪ್ಪು. ಎಲ್ಲರಿಗೂ ಬೀಳುವಂಥದ್ದಾದರೆ ಹೀಲರ್‌ಗಳ ದೊಡ್ಡ ಹೀಲ್ ಆ ಹೊತ್ತಿಗೆ ತಯಾರಿರಲಿಲ್ಲ ಎಂದರ್ಥ. ಯಾವ ಸೆಕೆಂಡಿಗೆ ಯಾರ ದೊಡ್ಡ ಹೀಲ್ ಎಂದು ಮೊದಲೇ ಬರೆದಿಟ್ಟುಕೊಳ್ಳಬೇಕು. ಎರಡನೆಯ, ಮೂರನೆಯ ಸಾವುಗಳನ್ನು ಬಿಟ್ಟುಬಿಡಿ, ಅವು ಹೆಚ್ಚಾಗಿ ಮೊದಲನೆಯದರ ಬಾಲ.

ಡಂಜನ್‌ನಲ್ಲಿ ಗುಂಪು ಮುರಿಯುವುದು ಬೇರೆ ಕಡೆ, ಇಂಟರಪ್ಟ್‌ನಲ್ಲಿ. ಮಂತ್ರ ಹಾಕುವ ಶತ್ರುವಿನ ತಲೆಯ ಮೇಲೆ ಮೂರು ಸೆಕೆಂಡಿನ ಪಟ್ಟಿ ತುಂಬುತ್ತಾ ಬರುತ್ತದೆ. ತುಂಬುವ ಮೊದಲು ಯಾರಾದರೂ ಒದ್ದು ನಿಲ್ಲಿಸಬೇಕು. ವಾರ್‌ಕ್ರಾಫ್ಟ್‌ನಲ್ಲಿ ಹತ್ತಿರದಿಂದ ಹೊಡೆಯುವವರ ಒದೆತ ಸಾಮಾನ್ಯವಾಗಿ 15 ಸೆಕೆಂಡಿಗೊಮ್ಮೆ ಸಿಗುತ್ತದೆ. ಹೇಳಿ ಮಾಡದಿದ್ದರೆ ಆಗುವುದೇನು? ಮೊದಲ ಮಂತ್ರಕ್ಕೆ ಮೂರು ಜನ ಒಟ್ಟಿಗೇ ಒದೆಯುತ್ತಾರೆ. ಒಂದು ಕೆಲಸ ಮಾಡಿತು, ಎರಡು ದಂಡ. ಎರಡನೇ ಮಂತ್ರ ಬರುವಾಗ ಯಾರ ಕೈಯಲ್ಲೂ ಏನೂ ಇಲ್ಲ, ಹೀಲರ್ ಸಾಯುತ್ತಾರೆ, ಬೈಗುಳವೂ ಹೀಲರ್‌ಗೇ. ಒಂದು, ಎರಡು, ಮೂರು ಎಂದು ಸರದಿ ಹಚ್ಚಿಕೊಂಡರೆ ಅದೇ ಐದು ಜನ ಅದೇ ಗೇರ್‌ನಲ್ಲಿ ದಾಟುತ್ತಾರೆ. ಪಟ್ಟಿ ಅರ್ಧ ತುಂಬುವಾಗಲೇ ಒದೆಯಿರಿ. ಇಲ್ಲಿಂದ ವಿದೇಶದ ಸರ್ವರ್‌ಗೆ ಒದೆತ ತಲುಪುವುದು ತಡವಾಗುತ್ತದೆ, ಕೊನೆಯ ಗಳಿಗೆಗೆ ಕಾದರೆ ಕೈಕೊಡುತ್ತದೆ.

ಕಷ್ಟವನ್ನು ಏರಿಸುವ ದಾರಿಗಳು

ಆಟ ಕಷ್ಟವಾಗಿಸಲು ಮೂರು ದಾರಿಗಳಿವೆ: ಸಂಖ್ಯೆ ಏರಿಸುವುದು, ಹೊಸ ಕಾಟ ಸೇರಿಸುವುದು, ತಪ್ಪಿಗೆ ಇರುವ ಅವಕಾಶ ಕಿತ್ತುಕೊಳ್ಳುವುದು.

ಸಂಖ್ಯೆ ಏರಿಸುವುದಕ್ಕೆ ಒಳ್ಳೆಯ ಉದಾಹರಣೆ ವಾರ್‌ಕ್ರಾಫ್ಟ್‌ನ ಮಿಥಿಕ್ ಪ್ಲಸ್, 2016ರ ಲೀಜನ್‌ನಲ್ಲಿ ಬಂದದ್ದು. ಡಂಜನ್‌ಗೆ ಒಂದು ಕೀ ಇರುತ್ತದೆ, ಅದರ ಮೇಲೊಂದು ಅಂಕಿ. ಅಂಕಿ ಏರಿದಂತೆ ಶತ್ರುಗಳ ಜೀವ, ಏಟು ಎರಡೂ ಏರುತ್ತವೆ. ಮೆಟ್ಟಿಲಿಗೆ 10 ಪರ್ಸೆಂಟ್ ಎಂದಿಟ್ಟುಕೊಂಡರೂ ಚಕ್ರಬಡ್ಡಿ ಲೆಕ್ಕದಲ್ಲಿ ಏಳೆಂಟು ಮೆಟ್ಟಿಲಿಗೆ ಎಲ್ಲ ಎರಡರಷ್ಟಾಗುತ್ತದೆ. 30 ನಿಮಿಷದ ಡಂಜನ್ ಆದರೆ 30ರೊಳಗೆ ಮುಗಿಸಿದವರ ಕೀ ಒಂದು ಮೆಟ್ಟಿಲು ಏರುತ್ತದೆ, 24ರೊಳಗೆ ಮುಗಿಸಿದರೆ ಎರಡು, 18ರೊಳಗೆ ಮೂರು. ಗಡುವು ದಾಟಿದರೆ ಸಾಮಾನ್ಯವಾಗಿ ಕೀ ಇಳಿಯುತ್ತದೆ. ಈ ಪದ್ಧತಿ ಶುರುವಾದಾಗ ಒಂದು ಸಾವಿಗೆ ಗಡಿಯಾರದಿಂದ 5 ಸೆಕೆಂಡ್ ಕಳೆಯುತ್ತಿದ್ದರು. ಅದು ಚಿಲ್ಲರೆ. ಸತ್ತವರು ಬಾಗಿಲಿನಿಂದ ಮತ್ತೆ ಓಡಿ ಬರುವ ಒಂದು ನಿಮಿಷವೇ ಕೀಯನ್ನು ಕೊಲ್ಲುವುದು.

ಕಾಟ ಸೇರಿಸುವುದನ್ನು ಓಲ್ಡ್ ಸ್ಕೂಲ್ ರೂನ್‌ಸ್ಕೇಪ್‌ನ ಟೂಂಬ್ಸ್ ಆಫ್ ಅಮಾಸ್ಕಟ್ ಆಟಗಾರರ ಕೈಗೇ ಬಿಟ್ಟಿದೆ. 2022ರಲ್ಲಿ ಬಂದ ಈ ರೈಡ್‌ನಲ್ಲಿ ಒಬ್ಬರಿಂದ ಎಂಟು ಜನರವರೆಗೆ ಆಡಬಹುದು. ಶುರುವಿಗೆ ಮೊದಲು ಒಂದೊಂದೇ ತೊಂದರೆಯನ್ನು ಆರಿಸಿಕೊಳ್ಳುತ್ತಾ ಹೋದಂತೆ ರೈಡ್ ಲೆವೆಲ್ ಏರುತ್ತದೆ. 150ಕ್ಕಿಂತ ಕೆಳಗೆ ಪ್ರವೇಶ ಹಂತ, 150ರಿಂದ ಸಾಮಾನ್ಯ, 300ರಿಂದ ಪರಿಣತರದು. ಲೆವೆಲ್ ಏರಿದಷ್ಟೂ ಅಪರೂಪದ ವಸ್ತು ಬೀಳುವ ಸಾಧ್ಯತೆ ಹೆಚ್ಚು. ಜಾಣರು ಎಲ್ಲವನ್ನೂ ಆರಿಸುವುದಿಲ್ಲ. ತಮ್ಮ ಗುಂಪಿಗೆ ತೊಂದರೆಯೇ ಅಲ್ಲದ ತೊಂದರೆಗಳನ್ನು ಹುಡುಕಿ ಆರಿಸಿ, ಪುಕ್ಕಟೆ ಲೆವೆಲ್ ಗಿಟ್ಟಿಸುತ್ತಾರೆ.

ಮೂರನೆಯದು, ಅವಕಾಶ ಕಿತ್ತುಕೊಳ್ಳುವುದು. ಫೈನಲ್ ಫ್ಯಾಂಟಸಿ 14ರ ಸ್ಯಾವೇಜ್ ಮತ್ತು 2017ರಿಂದ ಇರುವ ಅಲ್ಟಿಮೇಟ್ ಹಂತಗಳು ಇದರ ಪರಮಾವಧಿ. ಬಾಸಿನ ಪ್ರತಿ ಚಲನೆಗೂ ಹೊತ್ತು ಗೊತ್ತಿದೆ, ಸಿನಿಮಾ ಹಾಡಿನ ಕುಣಿತದ ಹಾಗೆ ಬಾಯಿಪಾಠ ಮಾಡಬಹುದು. ಆದರೆ ಎಂಟರಲ್ಲಿ ಒಬ್ಬರು ಒಂದು ಹೆಜ್ಜೆ ತಪ್ಪಿಟ್ಟರೆ ಎಂಟೂ ಜನ ಮೊದಲಿಂದ. ಇಲ್ಲಿ ಕಾಣದ ಒಂದು ಸಮಸ್ಯೆಯಿದೆ. ಒಂದು ಪ್ರಯತ್ನಕ್ಕೆ 5 ನಿಮಿಷ, ಸತ್ತು ಎದ್ದು ತಯಾರಾಗಲು 3 ನಿಮಿಷ ಹಿಡಿದರೆ ಮೂರು ಗಂಟೆಯಲ್ಲಿ 22 ಪ್ರಯತ್ನ. ಅವುಗಳಲ್ಲಿ ಮೂರರಲ್ಲೊಂದು ಪಾಲು ಮಾತ್ರ ಕೊನೆಯ ಹಂತ ಮುಟ್ಟಿದರೆ, ಎಲ್ಲಕ್ಕಿಂತ ಕಷ್ಟದ ಭಾಗಕ್ಕೆ ಸಿಕ್ಕ ಅಭ್ಯಾಸ ಏಳೇ ಸಲ. ಆದ್ದರಿಂದ ಮೊದಲ ಹಂತದ ತಪ್ಪನ್ನು "ಪರವಾಗಿಲ್ಲ ಬಿಡು" ಎನ್ನುವ ಗುಂಪು ಕೊನೆಯ ಹಂತವನ್ನು ಕಲಿಯುವುದೇ ಇಲ್ಲ.

ಲೂಟ್ ಯಾರಿಗೆ, ಎಷ್ಟು, ಯಾವಾಗ

ಈಗ ಆ ಮೊದಲ ಪ್ರಶ್ನೆ: ಡಂಜನ್ ಇರುವಾಗ ರೈಡ್ ಏಕೆ? ಎಂಟು ಬಾಸ್‌ಗಳ ರೈಡ್‌ಗೆ ಹತ್ತು ಜನ ಹೋದರು, ಬಾಸಿಗೆ ಎರಡು ವಸ್ತು ಬೀಳುತ್ತದೆ ಎನ್ನೋಣ, ಅದೇ ಲೂಟ್. 16 ವಸ್ತು, ತಲಾ 1.6. ಮೂರು ಗಂಟೆ ಹಿಡಿದರೆ ಗಂಟೆಗೆ ಅರ್ಧ ವಸ್ತು. ನಾಲ್ಕೇ ಬಾಸ್ ಬಿದ್ದು ಐದನೆಯದರ ಮುಂದೆ ಸಂಜೆ ಕಳೆದುಹೋದರೆ ಗಂಟೆಗೆ ಕಾಲು ವಸ್ತು. ಅದೇ ಐದು ಜನರ ಡಂಜನ್‌ನಲ್ಲಿ ಕೊನೆಗೆ ಎರಡು ವಸ್ತು ಬಿದ್ದು ಅರ್ಧ ಗಂಟೆಯಲ್ಲಿ ಮುಗಿದರೆ ಗಂಟೆಗೆ 0.8. ಕೆಜಿ ಲೆಕ್ಕದಲ್ಲಿ ಕಾಫಿ ಕುಯ್ಯುವವರು ಹಣ್ಣು ಗೊಂಚಲಾಗಿರುವ ಗಿಡವನ್ನೇ ಮೊದಲು ಹಿಡಿಯುವ ಹಾಗೆ, ಆಟಗಾರರೂ ಗಂಟೆಗೆ ಹೆಚ್ಚು ಸಿಗುವ ಕಡೆಗೇ ಹರಿಯುತ್ತಾರೆ. ಕಷ್ಟ ಸುಲಭ ಎಂಬುದು ಎರಡನೇ ಮಾತು.

ತಯಾರಕರಿಗೆ ಇದು ಗೊತ್ತು. ಅದಕ್ಕೇ ಮೂರು ಬೇಲಿ ಹಾಕುತ್ತಾರೆ. ಕಷ್ಟದ ಕಡೆ ಬೀಳುವ ವಸ್ತುವಿನ ಮಟ್ಟ ಮೇಲಿನದು. ರೈಡ್‌ಗೆ ವಾರದ ಲಾಕೌಟ್, ಒಂದು ಬಾಸಿನಿಂದ ವಾರಕ್ಕೆ ಒಮ್ಮೆ ಮಾತ್ರ ಲೂಟ್. ಎಷ್ಟು ಸಲ ಬೇಕಾದರೂ ಆಡಬಹುದಾದ ಡಂಜನ್‌ನ ಕೊನೆಯಲ್ಲಿ ಸಿಗುವುದು ಸ್ವಲ್ಪ ಕೆಳಮಟ್ಟದ್ದು, ಅದರ ಅತ್ಯುತ್ತಮ ಫಲ ವಾರಕ್ಕೊಮ್ಮೆ ಮಾತ್ರ. ವಾರ್‌ಕ್ರಾಫ್ಟ್‌ನ ಗ್ರೇಟ್ ವಾಲ್ಟ್ ಹೀಗೆಯೇ. ವಾರದಲ್ಲಿ 1, 4, 8 ಡಂಜನ್ ಮುಗಿಸಿದಂತೆ ಒಂದೊಂದು ಆಯ್ಕೆ ತೆರೆಯುತ್ತದೆ, ಮುಂದಿನ ವಾರ ಎಲ್ಲ ಆಯ್ಕೆಗಳಲ್ಲಿ ಒಂದನ್ನು ಮಾತ್ರ ತೆಗೆದುಕೊಳ್ಳಬಹುದು. ಎಂಟು ಡಂಜನ್ ಆಡಿದರೆ ವಸ್ತು ಹೆಚ್ಚು ಸಿಗುವುದಿಲ್ಲ, ಆಯ್ಕೆ ಹೆಚ್ಚು ಸಿಗುತ್ತದೆ. ಸಮಯ ಕಡಿಮೆಯಿರುವವರು ನಾಲ್ಕಕ್ಕೆ ನಿಲ್ಲಿಸಿದರೆ ನಷ್ಟ ಅಷ್ಟೇನಿಲ್ಲ.

ಅದೃಷ್ಟದ ಲೆಕ್ಕದಲ್ಲಿ ಎಲ್ಲರೂ ಎಡವುತ್ತಾರೆ. 1 ಪರ್ಸೆಂಟ್ ಸಾಧ್ಯತೆಯ ವಸ್ತುವಿಗೆ 100 ಸಲ ಹೋದರೆ ಸಿಕ್ಕೇ ಸಿಗುತ್ತದೆ ಎಂದಲ್ಲ. 100 ಸಲ ಹೋದ ಮೇಲೂ ಬರಿಗೈಯಲ್ಲಿರುವವರು ನೂರಕ್ಕೆ 37 ಜನ. 300 ಸಲಕ್ಕೂ ಸಿಗದವರು ನೂರಕ್ಕೆ 5. ಇಷ್ಟು ಸಲ ಸಿಕ್ಕಿಲ್ಲ, ಇನ್ನು ಸಿಗಲೇಬೇಕು ಎಂದು ದಾಳಕ್ಕೆ ಗೊತ್ತಿಲ್ಲ. ಇದರ ನೋವು ಕಡಿಮೆ ಮಾಡುವ ಉಪಾಯವೇ ಟೋಕನ್. ಫೈನಲ್ ಫ್ಯಾಂಟಸಿ 14ರ ಸ್ಯಾವೇಜ್‌ನಲ್ಲಿ ವಾರದ ಗೆಲುವಿಗೆ ಒಂದು ಪುಸ್ತಕ ಸಿಗುತ್ತದೆ, ಲೂಟ್ ಸಿಗದಿದ್ದರೂ ಸಿಗುತ್ತದೆ. ಕೂಡಿಟ್ಟರೆ ಅಂಗಡಿಯಲ್ಲಿ ಬೇಕಾದ ಗೇರ್‌ಗೆ ಬದಲಾಯಿಸಬಹುದು. ಇಂಥ ವ್ಯವಸ್ಥೆ ಇರುವ ಆಟದಲ್ಲಿ ವಾರ ತಪ್ಪಿಸದಿರುವುದೇ ಅದೃಷ್ಟಕ್ಕಿಂತ ದೊಡ್ಡದು.

ಹಂಚುವ ಜಗಳ ಆಟಗಳಷ್ಟೇ ಹಳೆಯದು. 1999ರಲ್ಲಿ ಬಂದ ಎವರ್‌ಕ್ವೆಸ್ಟ್‌ನ ಗಿಲ್ಡ್‌ಗಳು ಡಿಕೆಪಿ ಎಂಬ ಅಂಕಪದ್ಧತಿ ಕಟ್ಟಿದವು. ಡ್ರ್ಯಾಗನ್ ಕೊಲ್ಲಲು ಬಂದಷ್ಟು ಸಲ ಅಂಕ, ವಸ್ತು ಬೇಕಾದಾಗ ಅಂಕ ಖರ್ಚು. ತಪ್ಪದೆ ಬರುವವರಿಗೆ ನ್ಯಾಯ, ಹೊಸಬರಿಗೆ ಬರಗಾಲ, ಹಳಬರು ಅಂಕ ಕೂಡಿಟ್ಟು ಕೂರುವುದು ಇದರ ರೋಗ. ರೋಲ್ ಎಂದರೆ 1ರಿಂದ 100ರ ದಾಳ, ಅಪರಿಚಿತರ ಗುಂಪಿಗೆ ಅದೇ ಸರಿ. ಲೂಟ್ ಕೌನ್ಸಿಲ್ ಎಂದರೆ ಹಿರಿಯರು ಕೂತು ತೀರ್ಮಾನಿಸುವುದು, ಗುಂಪಿನ ಬಲ ಬೇಗ ಏರುತ್ತದೆ, ಸ್ನೇಹವೂ ಅಷ್ಟೇ ಬೇಗ ಮುರಿಯುತ್ತದೆ. ವಸ್ತುವನ್ನು ಆಟದ ಚಿನ್ನಕ್ಕೆ ಹರಾಜು ಹಾಕಿ ದುಡ್ಡು ಹಂಚಿಕೊಳ್ಳುವ ಜಿಡಿಕೆಪಿ ಪದ್ಧತಿಯಂತೂ ಹೊರಗೆ ನಿಜದ ಹಣಕ್ಕೆ ಚಿನ್ನ ಮಾರುವವರಿಗೆ ಸುಗ್ಗಿ. ವಾರ್‌ಕ್ರಾಫ್ಟ್‌ನ ಸೀಸನ್ ಆಫ್ ಡಿಸ್ಕವರಿಯಲ್ಲಿ 2024ರಲ್ಲಿ ಅದನ್ನು ನಿಷೇಧಿಸಿದರು, ಸರಿಯಾಗಿಯೇ ಮಾಡಿದರು. ಎಂಟು ಹತ್ತು ಜನರ ಪರಿಚಯದ ಗುಂಪಿಗೆ ಸರಳ ಸರದಿ ಸಾಕು: ದೊಡ್ಡ ವಸ್ತು ಸಿಕ್ಕವರು ಪಟ್ಟಿಯ ಕೊನೆಗೆ.

ಮಳೆಗಾಲದ ಗುಂಪು

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಡಗಿನಲ್ಲಿ ಲೈನ್ ಮೇಲೆ ಮರ ಬೀಳುವುದೂ ಒಂದು ಬಾಸ್ ಮೆಕ್ಯಾನಿಕ್ಕೇ, ಅಂದರೆ ಬಾಸ್ ಒಡ್ಡುವಂಥ ಕಾಟವೇ. ಒಂದು ಸಂಜೆ ಒಬ್ಬರ ಮನೆಯಲ್ಲಿ ಕರೆಂಟ್ ಹೋಗುವ ಸಾಧ್ಯತೆ 10 ಪರ್ಸೆಂಟ್ ಎಂದುಕೊಳ್ಳಿ. ಐದು ಜನ ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆ, ನಾಪೋಕ್ಲು, ಕುಶಾಲನಗರ ಎಂದು ಚದುರಿದ್ದರೆ ಐವರೂ ಕೊನೆಯವರೆಗೆ ಉಳಿಯುವ ಸಾಧ್ಯತೆ 59 ಪರ್ಸೆಂಟ್. ಐವರೂ ಒಂದೇ ಫೀಡರ್‌ನಲ್ಲಿ, ಅಂದರೆ ಒಂದೇ ಕರೆಂಟ್ ಲೈನಿನಲ್ಲಿದ್ದರೆ 90! ಹೋದರೆ ಎಲ್ಲರದೂ ಒಟ್ಟಿಗೇ ಹೋಗುತ್ತದೆ, ಆದರೆ ಹೋಗುವುದು ಅಪರೂಪ. ಒಬ್ಬರಿಗಾಗಿ ನಾಲ್ವರು ಕಾಯುವ ಪ್ರಸಂಗವೇ ಇಲ್ಲ. ಚದುರಿದ ಗುಂಪಿಗೆ ಮಳೆಗಾಲದಲ್ಲಿ ಹೊಂದುವುದು ಹಿಗ್ಗಿ ಕುಗ್ಗುವ ನಾರ್ಮಲ್, ಹೀರೋಯಿಕ್ ರೈಡ್. ಹದಿಮೂರು ಜನರಲ್ಲಿ ಇಬ್ಬರು ಹೋದರೂ ಹನ್ನೊಂದು ಜನ ಮುಂದುವರಿಸಬಹುದು. ಕೀ ಇಳಿದುಹೋಗುವ ಡಂಜನ್, ಎಂಟೂ ಜನ ಬೇಕಾದ ಸ್ಯಾವೇಜ್‌ಗಳನ್ನು ಅಕ್ಟೋಬರ್ ನಂತರಕ್ಕೆ ಇಟ್ಟುಕೊಳ್ಳುವುದು ವಾಸಿ.

ಹೊತ್ತಿನ ಲೆಕ್ಕವೂ ಬೇಕು. ಜಪಾನ್ ನಮಗಿಂತ ಮೂರೂವರೆ ಗಂಟೆ ಮುಂದೆ, ಅಲ್ಲಿನ ರಾತ್ರಿ 9ರ ರೈಡ್ ನಮಗೆ ಸಂಜೆ 5:30. ಮಧ್ಯ ಯುರೋಪಿನ ರಾತ್ರಿ 8 ಗಂಟೆ ನಮಗೆ ಚಳಿಗಾಲದಲ್ಲಿ 12:30, ಬೇಸಿಗೆಯಲ್ಲಿ 11:30. ಬೆಳಗ್ಗೆ ಬೇಗ ತೋಟಕ್ಕೆ ಹೋಗಬೇಕಾದವರಿಗೆ ಯುರೋಪ್ ಸರ್ವರ್ ಹೇಳಿಸಿದ್ದಲ್ಲ. ಫೈನಲ್ ಫ್ಯಾಂಟಸಿ 14ರ ವಾರ ನಮ್ಮ ಮಂಗಳವಾರ ಮಧ್ಯಾಹ್ನ 1:30ಕ್ಕೆ ಹೊಸದಾಗುತ್ತದೆ, ಹಾಗಾಗಿ ಸೋಮವಾರ ಸಂಜೆ ಹಳೆಯ ವಾರದ ಬಾಕಿ, ಮಂಗಳವಾರ ಸಂಜೆ ಹೊಸದು ಎಂದು ಎರಡು ದಿನಕ್ಕೇ ಎರಡು ವಾರದ ಲೂಟ್ ಹಿಡಿಯಬಹುದು. ದೂರದ ಸರ್ವರ್‌ನಲ್ಲಿ ಇನ್ನೊಂದು ವಿಷಯ ನೆನಪಿರಲಿ. ಫೈನಲ್ ಫ್ಯಾಂಟಸಿ 14ರಲ್ಲಿ ಏಟು ಯಾರಿಗೆ ಬಿತ್ತು ಎಂಬ ತೀರ್ಮಾನ ಬಾಸಿನ ಪಟ್ಟಿ ತುಂಬಿದಾಗಲೇ ಆಗಿರುತ್ತದೆ, ಸ್ಫೋಟ ಕಾಣುವುದು ಆಮೇಲೆ. ಸ್ಫೋಟ ನೋಡಿ ಓಡಿದವರು ಆಗಲೇ ಸತ್ತಿರುತ್ತಾರೆ.

ಸಲಕರಣೆಯಲ್ಲಿ ಮೊದಲು ಉಳಿಸಬೇಕಾದ್ದು ರೌಟರ್ ಮತ್ತು ಫೈಬರ್ ಡಬ್ಬಿ ಎರಡನ್ನೂ. ಬರೀ ರೌಟರ್‌ಗೆ ಮಿನಿ ಯುಪಿಎಸ್ ಹಾಕಿ, ಫೈಬರ್ ಡಬ್ಬಿಯನ್ನು ಗೋಡೆಯ ಪ್ಲಗ್‌ಗೇ ಬಿಟ್ಟರೆ ವೈಫೈ ಇರುತ್ತದೆ, ನೆಟ್ ಇರುವುದಿಲ್ಲ. ಅಡಾಪ್ಟರ್ ಮೇಲಿನ ವೋಲ್ಟ್, ಆಂಪ್, ಪಿನ್ ಅಳತೆ ನೋಡಿಯೇ ಕೊಳ್ಳಿ. 12 ವೋಲ್ಟ್ 1 ಆಂಪ್ ಎಂದರೆ ಹೆಚ್ಚೆಂದರೆ 12 ವ್ಯಾಟ್. 8000 ಎಂಎಎಚ್ ಎಂದು ಡಬ್ಬಿಯ ಮೇಲೆ ಬರೆದಿದ್ದರೆ ಅದು ಸಾಮಾನ್ಯವಾಗಿ ಒಳಗಿನ 3.7 ವೋಲ್ಟ್ ಸೆಲ್‌ನ ಲೆಕ್ಕ, ಅಂದರೆ ಸುಮಾರು 30 ವ್ಯಾಟ್-ಅವರ್. ಸೋರಿಕೆ ಕಳೆದರೆ 12 ವ್ಯಾಟಿಗೆ ಎರಡು ಗಂಟೆ, ಎರಡು ಡಬ್ಬಿ ಸೇರಿಸಿದರೆ ಒಂದು ಗಂಟೆಯ ಆಸುಪಾಸು. ಮನೆಯ ಇನ್ವರ್ಟರ್‌ಗೆ ಡೆಸ್ಕ್‌ಟಾಪ್ ಕೊಟ್ಟವರು ಹಿಂದಿನ ಸ್ವಿಚ್ ಯುಪಿಎಸ್ ಮೋಡ್‌ನಲ್ಲಿದೆಯೇ ನೋಡಿಕೊಳ್ಳಿ. ಇಲ್ಲದಿದ್ದರೆ ಕರೆಂಟ್ ಬದಲಾಗುವ ಆ ಕ್ಷಣಕ್ಕೇ ಕಂಪ್ಯೂಟರ್ ರೀಸ್ಟಾರ್ಟ್ ಆಗುತ್ತದೆ. ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಆಡುವುದಕ್ಕೆ ಡೇಟಾ ಹೆಚ್ಚು ಬೇಡ. 64 ಕೆಬಿಪಿಎಸ್ ವಾಯ್ಸ್ ಚಾಟ್ ಗಂಟೆಗೆ 29 ಎಂಬಿ ಆಸುಪಾಸು ತಿನ್ನುತ್ತದೆ ಅಷ್ಟೇ. ಡೇಟಾ ನುಂಗುವುದು ಅಪ್‌ಡೇಟ್, ಅದನ್ನು ಹಿಂದಿನ ರಾತ್ರಿಯೇ ಇಳಿಸಿಡಬೇಕು.

ಗುಂಪು ಕಟ್ಟುವ ಮೊದಲೇ ಎರಡು ನಿಯಮ ಬರೆದಿಟ್ಟುಕೊಳ್ಳಿ. ಒಂದು, ನೆಟ್ ಹೋದವರಿಗೆ ಎಷ್ಟು ನಿಮಿಷ ಕಾಯುವುದು. ಹತ್ತು ನಿಮಿಷ ಸಾಕು, ಆಮೇಲೆ ಬದಲಿ ಆಟಗಾರ. ಎರಡು, ಬಾಸ್ ಅರ್ಧಕ್ಕಿಂತ ಕೆಳಗಿಳಿದ ಮೇಲೆ ಕರೆಂಟ್ ಹೋಗಿ ಹೊರಬಿದ್ದವರಿಗೆ ಲೂಟ್ ಸರದಿಯಲ್ಲಿ ಪಾಲು ಇದೆಯೋ ಇಲ್ಲವೋ. ಇದೆ ಎಂದು ತೀರ್ಮಾನಿಸಿದರೆ ಮಳೆಗಾಲದಲ್ಲೂ ಜನ ಬರುತ್ತಾರೆ.